ಬೀಗ ಹಾಕಿದ ಕಾರ್ಡು

ನಮ್ಮ ಅಕ್ಕನನ್ನು ಯಾರಾದರೂ ‘ಪಾಪದ ಹೆಂಗಸು’ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಾಪವೂ ಇಲ್ಲ, ಗೀಪವೂ ಇಲ್ಲ. ಅವಳಷ್ಟು ಹಟಮಾರಿಯನ್ನು ನಾನು ಕಂಡಿಲ್ಲ. ದನಿ ಏರಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಜನ ಅವಳನ್ನು ಸಾಧು ಮಾಡಿಬಿಟ್ಟಿದ್ದಾರೆ. ದನಿ ಏರಿಸುವ ಕೆಲಸವನ್ನೆಲ್ಲ ಅವಳು ಮೊದಲಿನಿಂದಲೂ ನನ್ನ ತಲೆಗೆ ಕಟ್ಟಿದ್ದಾಳೆ. ಹಾಲಿನವನ ಹತ್ತಿರ ಜಗಳಕ್ಕೆ ನಾನು, ಬಾಡಿಗೆ ಮನೆಯವರ ಹತ್ತಿರ ಜಗಳಕ್ಕೆ ನಾನು. ಅವಳು ಹಿಂದೆ ನಿಂತು ‘ಸಾಕು ಬಿಡೆ’ ಎನ್ನುತ್ತಾಳೆ, ಅಷ್ಟೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಬೀದಿಯೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಈ ಸಂಗತಿ ಕೇಳಿದ ಮೇಲೂ ಕೋಪ ಬಾರದವರು ಯಾರಾದರೂ ಇದ್ದರೆ ಅವರ ಮುಖವನ್ನು ನಾನೊಮ್ಮೆ ನೋಡಬೇಕು.

ಅಕ್ಕ ಫೋಟೋ ತೆಗೆಯುವವಳು. ಹೆರಿಗೆ ಆಸ್ಪತ್ರೆಯೊಂದರ ನೆಲಮಹಡಿಯಲ್ಲಿ, ಔಷಧಿ ಅಂಗಡಿಗೂ ಲಿಫ್ಟಿಗೂ ನಡುವೆ ನಮ್ಮ ಸ್ಟುಡಿಯೊ ಇದೆ. ಸ್ಟುಡಿಯೊ ಎಂದರೆ ಏನೋ ಭಾರಿ ಎಂದುಕೊಳ್ಳಬೇಡಿ. ಒಂದು ಕೌಂಟರು, ಒಂದು ಕಂಪ್ಯೂಟರು, ಪ್ರಿಂಟ್ ಹಾಕುವ ಯಂತ್ರ, ಮತ್ತು ಬಾಗಿಲು ಪೂರ್ತಿ ತೆರೆಯಲಾಗದ ಹಾಗೆ ಅಡ್ಡ ನಿಂತ ಒಂದು ಕಬ್ಬಿಣದ ಬೀರು. ಮೇಲಿನ ವಾರ್ಡುಗಳಿಗೆ ಹೋಗಿ ಹುಟ್ಟಿದ ಮಕ್ಕಳ ಮೊದಲ ಫೋಟೋ ತೆಗೆಯುವುದು ಅಕ್ಕನ ಕೆಲಸ. ಅದನ್ನು ಪ್ರಿಂಟ್ ಹಾಕಿ, ಕವರಿಗೆ ತುಂಬಿ, ‘ಕಣ್ಣು ಇನ್ನೂ ದೊಡ್ಡದಾಗಿ ಕಾಣಬೇಕಿತ್ತು’ ಎನ್ನುವ ಅಜ್ಜಿಯರಿಗೆ ಉತ್ತರ ಕೊಡುವುದು ನನ್ನ ಕೆಲಸ. ಯಜಮಾನರು ಬೇರೆ ಕಡೆ ಇರುತ್ತಾರೆ. ತಮ್ಮ ಬದಲಿಗೆ ಹೆಂಡತಿಯ ತಮ್ಮನನ್ನು ತಂದು ನಮ್ಮ ನೆತ್ತಿಯ ಮೇಲೆ ಕೂರಿಸಿದ್ದಾರೆ. ಅವನ ಅಂಗಿಯ ಜೇಬಿನ ಮೇಲೆ ಮ್ಯಾನೇಜರ್ ಎಂಬ ಪಟ್ಟಿ ಇದೆ. ಔಷಧಿ ಅಂಗಡಿಯವರಿಂದ ಹಿಡಿದು ಲಿಫ್ಟಿನವನವರೆಗೆ ಎಲ್ಲರೂ ಅವನ ಬೆನ್ನ ಹಿಂದೆ ಕರೆಯುವುದು ಭಾಮೈದ ಎಂದೇ.

ಅಕ್ಕನ ಜೀವ ಇರುವುದು ಕ್ಯಾಮೆರಾದಲ್ಲಲ್ಲ, ಮೆಮೊರಿ ಕಾರ್ಡಿನಲ್ಲಿ. ಹಳೆಯ ಸೋಪಿನ ಡಬ್ಬಿಯಲ್ಲಿ ಸ್ಪಂಜು ಕತ್ತರಿಸಿ ಗೂಡು ಮಾಡಿ ಅವುಗಳನ್ನು ಇಟ್ಟುಕೊಂಡಿದ್ದಾಳೆ. ಅಗ್ಗಕ್ಕೆ ಸಿಕ್ಕಿತೆಂದು ಸಿಕ್ಕಿದಲ್ಲಿ ಕಾರ್ಡು ಕೊಳ್ಳುವವಳಲ್ಲ. ಗೊತ್ತಿರುವ ಒಂದೇ ಅಂಗಡಿ, ಸೀಲು ಒಡೆಯದ ಪ್ಯಾಕು. ತಂದ ಮೇಲೂ ನಂಬಿಕೆ ಇಲ್ಲ. ಸ್ಟುಡಿಯೊದ ಬೋಳು ಗೋಡೆಯ ಫೋಟೋವನ್ನೇ ಕಾರ್ಡು ತುಂಬುವಷ್ಟು ತೆಗೆದು, ಕಂಪ್ಯೂಟರಿಗೆ ಹಾಕಿ, ಒಂದೊಂದೂ ತೆರೆಯುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ನಕಲಿ ಕಾರ್ಡುಗಳು ಮೈಮೇಲೆ ದೊಡ್ಡ ಅಂಕಿ ಬರೆದುಕೊಂಡು ಒಳಗೆ ಚೂರೇ ಜಾಗ ಇಟ್ಟುಕೊಂಡಿರುತ್ತವಂತೆ. ಜಾಗ ಮುಗಿದರೂ ಬಾಯಿ ಬಿಡದೆ ಫೋಟೋ ಉಳಿಸಿಕೊಂಡ ಹಾಗೆ ನಟಿಸುತ್ತವಂತೆ. ನನ್ನ ಗಂಡನನ್ನು ಒಪ್ಪಿಕೊಳ್ಳುವಾಗ ಇದರಲ್ಲಿ ಅರ್ಧ ಪರೀಕ್ಷೆ ಮಾಡಿದ್ದರೂ ಸಾಕಿತ್ತು, ನಾನು ಇವತ್ತು ಅಕ್ಕನ ಮನೆಯಲ್ಲಿ ಇರುತ್ತಿರಲಿಲ್ಲ.

ಅವಳ ಕಟ್ಟಳೆಗಳು ಅಲ್ಲಿಗೆ ಮುಗಿಯುವುದಿಲ್ಲ. ದೊಡ್ಡ ಕಾರ್ಡು ಒಂದರಲ್ಲೇ ಎಲ್ಲ ತುಂಬಬಾರದು, ಸಣ್ಣವು ನಾಲ್ಕು ಇದ್ದರೆ ಒಂದು ಕೈಕೊಟ್ಟರೂ ಉಳಿದವು ಇರುತ್ತವೆ. ಕೆಂಪು ದೀಪ ಮಿಣುಕುವಾಗ ಕಾರ್ಡು ಕೀಳಬಾರದು. ಕ್ಯಾಮೆರಾ ಆಫ್ ಮಾಡದೆ ಕಾರ್ಡಿನ ಬಾಗಿಲು ತೆರೆಯಲೇಬಾರದು. ಒಂದೊಂದಾಗಿ ಅಳಿಸುತ್ತ ಕೂರಬಾರದು. ಫೋಟೋ ಎರಡು ಕಡೆ ನಕಲಾದ ಮೇಲೆ, ಮುಂದಿನ ಕೆಲಸಕ್ಕೆ ಹೊರಡುವ ಮುಂಚೆ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಕಾರ್ಡನ್ನು ಒಂದೇ ಏಟಿಗೆ ಖಾಲಿ ಮಾಡಬೇಕು, ಕಂಪ್ಯೂಟರಿನಲ್ಲಿ ಅಲ್ಲ. ಹೊಸದಾಗಿ ಬಂದವರು ಮರೆಯುತ್ತಾರೆಂದು ಈ ಕೊನೆಯದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು: ‘ಪ್ರತಿ ಕೆಲಸಕ್ಕೆ ಮುಂಚೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ.’ ಮನೆಯಲ್ಲೂ ಅದೇ ಗೋಳು. ಗ್ಯಾಸ್ ಆರಿಸಿದ್ದೀಯಾ, ನಲ್ಲಿ ನಿಲ್ಲಿಸಿದ್ದೀಯಾ, ಬಾಗಿಲು ಎಳೆದು ನೋಡಿದ್ದೀಯಾ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯುತ್ತದೆ.

ಸೋಪಿನ ಡಬ್ಬಿಯ ತಳದಲ್ಲಿ, ಸ್ಪಂಜಿನ ಅಡಿಯಲ್ಲಿ, ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿದ ಒಂದು ಕಾರ್ಡು ಇತ್ತು. ಅದಕ್ಕೆ ಮಾತ್ರ ಯಾವಾಗಲೂ ಬೀಗ. ಕಾರ್ಡಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಒಂದು ಗುಂಡಿ ಇರುತ್ತದೆ, ನೋಡಿರಬಹುದು. ಅದನ್ನು ಕೆಳಕ್ಕೆ ಜಾರಿಸಿದರೆ ಒಳಗಿನ ಫೋಟೋ ನೋಡಬಹುದೇ ಹೊರತು ಹೊಸದು ಸೇರಿಸಲಾಗದು, ಇದ್ದದ್ದು ಅಳಿಸಲಾಗದು. ಆ ಕಾರ್ಡಿನಲ್ಲಿ ಇದ್ದದ್ದು ಉಸಿರಿಲ್ಲದೆ ಹುಟ್ಟಿದ ಮಕ್ಕಳು.

ಇದು ಶುರುವಾದದ್ದು ಹಿರಿಯ ನರ್ಸಮ್ಮನಿಂದ. ಅಂಥ ಹೆರಿಗೆ ಆದಾಗ ಅವರು ಅಕ್ಕನನ್ನು ಮೆಲ್ಲಗೆ ಕರೆಯುತ್ತಿದ್ದರು. ಇವತ್ತು ಬೇಡ ಎನ್ನುತ್ತಾರೆ, ಮುಂದೆ ಯಾವತ್ತೋ ಕೇಳಿಕೊಂಡು ಬರುತ್ತಾರೆ, ಆಗ ನಮ್ಮ ಹತ್ತಿರ ಏನಿರುತ್ತದೆ ಎನ್ನುವುದು ಅವರ ಮಾತು. ಅಕ್ಕ ಹೋಗಿ ತಾಯಿಯನ್ನು ಕೇಳುತ್ತಿದ್ದಳು. ಖಡಾಖಂಡಿತ ಬೇಡ ಎಂದವರದ್ದು ತೆಗೆಯುತ್ತಿರಲಿಲ್ಲ. ಉಳಿದವರದ್ದು ತೆಗೆಯುತ್ತಿದ್ದಳು: ಮೊದಲು ಮುಖ, ಆಮೇಲೆ ಕೈ, ಇವೆರಡನ್ನೂ ಮೂರು ಮೂರು ಸಲ; ಕೊನೆಗೆ ಕಾಲು, ಒಂದೇ ಸಲ. ಯಾರೂ ಕೊಳ್ಳದ ಫೋಟೋಗಳನ್ನು ತಿಂಗಳ ಕೊನೆಗೆ ಕಂಪ್ಯೂಟರಿನಿಂದ ತೆಗೆದುಹಾಕುವುದು ಭಾಮೈದನ ಕಾನೂನು. ಅದಕ್ಕೇ ಇವು ಕಂಪ್ಯೂಟರಿಗೆ ಹೋಗದೆ ಆ ಕಾರ್ಡಿನಲ್ಲೇ ಉಳಿದವು.

ಎಲ್ಲರಿಗೂ ಎರಡು ಕಡೆ ನಕಲು ಇಡಿ ಎಂದು ಹೇಳುವ ಮಹಾತಾಯಿ ಈ ಕಾರ್ಡಿಗೆ ಮಾತ್ರ ನಕಲು ಮಾಡಿರಲಿಲ್ಲ. ನಾನು ಹೇಳದೆ ಬಿಟ್ಟಿದ್ದೇನೆಯೇ? ಮನೆಗಾದರೂ ತಾ, ಬೀರುವಿನಲ್ಲಿಡೋಣ ಎಂದು ಬೈದಿದ್ದೇನೆ, ಬೇಡಿಕೊಂಡಿದ್ದೇನೆ.

‘‘ಅವು ನಮ್ಮವಲ್ಲ ಕಣೆ,’’ ಎನ್ನುತ್ತಿದ್ದಳು. ‘‘ತಾಯಂದಿರು ಕೇಳೋಕೆ ಬರೋವರೆಗೂ ಕಾಯೋದಷ್ಟೇ ನಮ್ಮ ಕೆಲಸ. ನಕಲು ಮಾಡಿ ಮನೇಲಿಟ್ಕೊಳ್ಳೋಕೆ ನಾವ್ಯಾರು?’’

ಇದಕ್ಕೆ ಏನು ಹೇಳುತ್ತೀರಿ? ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅಷ್ಟೆ. ಬೀಗ ಹಾಕಿದೆಯಲ್ಲ, ಇನ್ನೇನು ಎಂಬ ಧೈರ್ಯ ಅವಳಿಗೆ. ಆ ಬೀಗ ಉಗುರಿನಿಂದ ಜಾರಿಸಿದರೆ ತೆರೆದುಕೊಳ್ಳುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಒಂದು ದಿನ ಬೆಳಗ್ಗೆ, ನಾನಿನ್ನೂ ಪ್ರಿಂಟರಿಗೆ ಕಾಗದ ತುಂಬುತ್ತಿದ್ದಾಗ, ಒಬ್ಬ ಹೆಣ್ಣುಮಗಳು ಬಂದು ಕೌಂಟರಿನ ಮುಂದೆ ನಿಂತಳು. ಐದಾರು ತಿಂಗಳ ಬಸುರಿ. ನನ್ನ ಕಡೆ ನೋಡಲೇ ಇಲ್ಲ. ಅಕ್ಕನ ಮುಖವನ್ನೇ ನೋಡುತ್ತ, ನೀವು ನನಗೆ ಗೊತ್ತು ಎಂದಳು. ಮೂರು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವಳಿಗೆ ಹೆಣ್ಣು ಮಗು ಆಗಿತ್ತು, ಅಳಲಿಲ್ಲ. ಅಕ್ಕ ಕ್ಯಾಮೆರಾ ಹಿಡಿದು ಬಾಗಿಲಲ್ಲಿ ನಿಂತು, ಒಂದು ಫೋಟೋ ತೆಗೆಯಲೇ ಎಂದು ಕೇಳಿದ್ದಳು. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

‘‘ನಾನು ಬೇಡ ಅನ್ಲಿಲ್ಲ,’’ ಎಂದಳು. ‘‘ತಿರುಗಿ ಮಲಗಿದೆ, ಅಷ್ಟೇ. ನೀವು ತೆಗೆದ್ರಾ?’’

ಅಕ್ಕ ಹೌದೆಂದು ತಲೆಯಾಡಿಸಿದಳು. ಆ ಹುಡುಗಿಯ ಕೈ ಕೌಂಟರಿನ ಅಂಚನ್ನು ಹಿಡಿದುಕೊಂಡಿತು. ಆಮೇಲೆ ಅವಳು ಹೇಳಿದ್ದನ್ನು ಕೇಳಿ. ಮಗುವನ್ನು ನೋಡುತ್ತೇನೆ ಎಂದು ಆವತ್ತು ಸಂಜೆ ಕೇಳಿದ್ದಳಂತೆ. ಅಷ್ಟರಲ್ಲಿ ಎಲ್ಲ ಮುಗಿಸಿ ಬಂದಿದ್ದ ಅತ್ತೆ, ಬೇಡಮ್ಮ, ನೋಡುವ ಹಾಗೆ ಇರಲಿಲ್ಲ, ನೋಡಿದ್ದರೆ ಜೀವಮಾನವಿಡೀ ಹೆದರಿಕೊಳ್ಳುತ್ತಿದ್ದೆ ಎಂದರಂತೆ. ಸೊಸೆ ಹಂಬಲಿಸದಿರಲಿ ಎಂದು ಒಳ್ಳೆಯದಕ್ಕೇ ಹೇಳಿದ ಮಾತಂತೆ. ಇಂಥ ಒಳ್ಳೆಯದಕ್ಕೆ ಬೆಂಕಿ ಬೀಳಲಿ. ಆವತ್ತಿನಿಂದ ಅವಳ ಕಣ್ಣಿಗೆ ಏನೇನೋ ಬರುತ್ತಿತ್ತು. ಕಣ್ಣಿಲ್ಲದ ಮಗು, ಬೆರಳೆಲ್ಲ ಅಂಟಿಕೊಂಡ ಮಗು. ಈಗ ಹೊಟ್ಟೆಯಲ್ಲಿರುವುದೂ ಹಾಗೇ ಇರುತ್ತದೆ ಎಂದು ಮೈ ಬೆವರುತ್ತದೆ, ಸ್ಕ್ಯಾನಿಂಗ್ ಮಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ ಎಂದಳು.

ಮಗು ಚೆನ್ನಾಗಿತ್ತು, ನಿದ್ದೆ ಮಾಡುತ್ತಿರುವ ಹಾಗಿತ್ತು ಎಂದಳು ಅಕ್ಕ. ಇಲ್ಲಿಗೆ ಬರುವ ಮುಂಚೆ ಆ ಹುಡುಗಿ ವಿಚಾರಿಸಿದಾಗ ನರ್ಸಮ್ಮನೂ ಫೋನಿನಲ್ಲಿ ಇದನ್ನೇ ಹೇಳಿದ್ದರಂತೆ.

‘‘ಸಮಾಧಾನಕ್ಕೆ ಎಲ್ಲರೂ ಹಾಗೇ ಹೇಳ್ತಾರೆ,’’ ಎಂದಳು ಅವಳು. ‘‘ನಾನು ಕಣ್ಣಾರೆ ನೋಡ್ಬೇಕು.’’

ಅಕ್ಕ ಅವಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಲು ಹೇಳಿದಳು. ನಮ್ಮ ಗಾಜಿನ ಬಾಗಿಲಿನ ಎದುರಿಗೇ ಆಸ್ಪತ್ರೆಯ ಸ್ವಾಗತದ ಜಾಗ. ಹಿಂದಿನ ದಿನವಷ್ಟೇ ಅಲ್ಲಿಗೆ ಹೊಸ ಸೋಫಾ ಬಂದಿತ್ತು, ನೀಲಿ ಬಣ್ಣದ್ದು, ಕೈಯಾನಿಸುವ ಕಡೆ ಇನ್ನೂ ಪ್ಲಾಸ್ಟಿಕ್ ಹಾಳೆ. ನಾನೇ ಅವಳನ್ನು ಕೈಹಿಡಿದು ಕರೆದೊಯ್ದು ಅದರ ಮೇಲೆ ಕೂರಿಸಿ ಬಂದೆ.

ಬರುವಷ್ಟರಲ್ಲಿ ಅಕ್ಕ ಸೋಪಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು. ಬಿಳಿ ಬಟ್ಟೆ ಇತ್ತು, ಕಾರ್ಡು ಇರಲಿಲ್ಲ. ಅವಳು ಸ್ಪಂಜನ್ನು ಎತ್ತಿ ನೋಡಿದಳು, ಇಟ್ಟಳು, ಮತ್ತೆ ಎತ್ತಿ ನೋಡಿದಳು.

ಹೊತ್ತಿಗೆ ಸರಿಯಾಗಿ ಭಾಮೈದ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಒಳಗೆ ಬಂದ. ಮುಖದಲ್ಲಿ ಏನು ಕಳೆ, ಏನು ಗತ್ತು. ಆಸ್ಪತ್ರೆಯ ಜಾಹೀರಾತಿಗೆ ಹೊಸ ಸೋಫಾದ ಫೋಟೋ ಬೇಕೆಂದು ಮೇಲಿನವರು ಹೇಳಿದ್ದರು. ಅವರ ಕಣ್ಣಿಗೆ ಬೀಳಬೇಕೆಂದು ಇವನು ಅಕ್ಕನಿಗೂ ಹೇಳದೆ, ಬೆಳಗ್ಗೆ ಬೇಗ ಬಂದು ತಾನೇ ತೆಗೆದಿದ್ದ. ಸಗಟಿನಲ್ಲಿ ಸಿಕ್ಕಿತೆಂದು ಅವನು ತಂದಿಟ್ಟಿದ್ದ ಕಾರ್ಡುಗಳಲ್ಲಿ ಒಂದನ್ನು ಹಾಕಿದರೆ ಕ್ಯಾಮೆರಾ ಓದಲಿಲ್ಲ. ಎರಡನೆಯದೂ ಓದಲಿಲ್ಲ. ಆಗ ಅಕ್ಕನ ಡ್ರಾಯರು ಎಳೆದು ಡಬ್ಬಿ ತೆಗೆದಿದ್ದಾನೆ. ಮೇಲಿನ ಗೂಡುಗಳಲ್ಲಿದ್ದದ್ದು ಹಿಂದಿನ ದಿನದ ಮಕ್ಕಳು, ಅದನ್ನು ಮುಟ್ಟಬಾರದೆಂಬಷ್ಟು ಬುದ್ಧಿ ಇತ್ತು. ತಳದಲ್ಲಿ ಬಟ್ಟೆ ಸುತ್ತಿದ ಕಾರ್ಡು ಸಿಕ್ಕಿತು. ಹಳೆಯದು, ಯಾರಿಗೂ ಬೇಡದ್ದು ಎಂದುಕೊಂಡನಂತೆ. ಕ್ಯಾಮೆರಾ ಬೀಗ ಇದೆ ಎಂದಿತು. ಇವನು ಉಗುರು ಹಾಕಿ ಜಾರಿಸಿದ.

ಒಳಗೆ ಏನಿದೆ ಎಂದು ನೋಡಬೇಕೆನಿಸಲಿಲ್ಲವೇ ಎಂದು ಅಕ್ಕ ಕೇಳಿದಳು. ಅಷ್ಟೇ ಮೆತ್ತಗೆ.

‘‘ನೋಡೋದೇನು? ಫಾರ್ಮ್ಯಾಟ್ ಮಾಡಿದೆ,’’ ಎಂದು ಅವನು ಗೋಡೆಯ ಕಡೆ ಕೈ ತೋರಿಸಿದ. ‘‘ನೀವೇ ಬರೆದು ಹಾಕಿದ್ದೀರಲ್ಲ.’’

ಅಕ್ಕ ಗೋಡೆಯ ಮೇಲಿನ ತನ್ನದೇ ಅಕ್ಷರವನ್ನು ನೋಡಿದಳು. ಇಷ್ಟು ವರ್ಷದಲ್ಲಿ ಆ ಮನುಷ್ಯ ಅವಳ ಒಂದು ಮಾತನ್ನೂ ಕಿವಿಗೆ ಹಾಕಿಕೊಂಡವನಲ್ಲ. ಕಾರ್ಡು ಒಳ್ಳೆಯದು ತನ್ನಿ ಎಂದರೆ ತರಲಿಲ್ಲ, ದೀಪ ಮಿಣುಕುವಾಗ ಕೀಳಬೇಡಿ ಎಂದರೆ ಕೀಳುತ್ತಿದ್ದ. ಕೇಳಿದ್ದು ಇದೊಂದೇ ಮಾತು, ಕೇಳಿದ್ದು ಈ ಒಂದೇ ದಿನ.

ನನ್ನ ಕೋಪ ನೆತ್ತಿಗೇರಿತು. ಅವನಿಗೆ ಇಷ್ಟು ದಿನ ಕೊಡುತ್ತಿದ್ದ ಬಹುವಚನ ಎಲ್ಲಿ ಬಿದ್ದುಹೋಯಿತೋ ಗೊತ್ತಿಲ್ಲ. ಅದರಲ್ಲಿ ಏನಿತ್ತು ಗೊತ್ತೇನೋ ನಿನಗೆ ಎಂದು ಶುರು ಮಾಡಿದವಳು ಅವನ ಜನ್ಮ ಜಾಲಾಡಿಬಿಟ್ಟೆ. ಔಷಧಿ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತರು. ಏನಿತ್ತೆಂದು ಗೊತ್ತಾದ ಮೇಲೆ ಅವನು ಏನೆಂದ, ಕೇಳಿ. ಹೋದ ಮಕ್ಕಳ ಫೋಟೋ ತಾನೇ, ಅದಕ್ಕೆ ಇಷ್ಟೊಂದು ರಾದ್ಧಾಂತ ಯಾಕೆ ಎಂದ. ನಾನು ಕ್ಯಾಮೆರಾಕ್ಕೆ ಕೈ ಹಾಕಿ ಅವನ ಕೊರಳಿನಿಂದ ಎಳೆದುಕೊಂಡೆ.

‘‘ಮೊದಲು ಆಫ್ ಮಾಡೆ,’’ ಎಂದಳು ಅಕ್ಕ. ‘‘ಆಮೇಲೆ ಕಾರ್ಡು ತೆಗಿ.’’

ಮನೆ ಹೊತ್ತಿ ಉರಿಯುತ್ತಿದ್ದರೂ ಅವಳು ಬಾಗಿಲಿನ ಚಿಲಕ ಸರಿಯಾಗಿ ತೆಗೆ ಎನ್ನುವವಳು. ಆಫ್ ಮಾಡಿ, ಕಾರ್ಡು ತೆಗೆದು ಅವಳ ಅಂಗೈ ಮೇಲಿಟ್ಟೆ. ಅವಳು ಮಾಡಿದ ಮೊದಲ ಕೆಲಸ ಗುಂಡಿಯನ್ನು ಕೆಳಕ್ಕೆ ಜಾರಿಸಿ ಬೀಗ ಹಾಕಿದ್ದು.

ಫಾರ್ಮ್ಯಾಟ್ ಮಾಡಿದ ಮಾತ್ರಕ್ಕೆ ಫೋಟೋ ಹೋಗುವುದಿಲ್ಲ ಎಂದು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಪುಸ್ತಕದ ಪರಿವಿಡಿ ಹರಿದ ಹಾಗೆ ಅದು, ಪುಟಗಳು ಹಾಗೇ ಇರುತ್ತವೆ. ಆದರೆ ಅದೇ ಪುಟದ ಮೇಲೆ ಇನ್ನೊಂದು ಬರೆದರೆ ಮುಗಿಯಿತು. ಭಾಮೈದ ಬರೆದಿದ್ದ. ಹೊಸದಾಗಿ ಫಾರ್ಮ್ಯಾಟ್ ಆದ ಕಾರ್ಡಿನಲ್ಲಿ ಕ್ಯಾಮೆರಾ ಮೊದಲಿನಿಂದ ಬರೆದುಕೊಂಡು ಬರುತ್ತದೆ. ಆ ಕಾರ್ಡಿನ ಮೊದಲಿನಲ್ಲಿ ಯಾರಿದ್ದರು ಎಂದು ನಾನು ಕೇಳಿದೆ. ಅಕ್ಕ ಗಾಜಿನ ಬಾಗಿಲಿನಾಚೆ ಸೋಫಾದ ಮೇಲೆ ಕೂತವಳ ಕಡೆ ಒಮ್ಮೆ ನೋಡಿದಳು. ಮೂರು ವರ್ಷದ ಹಿಂದೆ ಈ ಕಾರ್ಡನ್ನು ಅಕ್ಕ ಶುರು ಮಾಡಿದ್ದೇ ಅವಳ ಮಗುವಿನಿಂದ.

ಕಂಪ್ಯೂಟರಿನಲ್ಲಿ ಕಳೆದುಹೋದ ಫೋಟೋ ಹುಡುಕುವ ತಂತ್ರಾಂಶ ಇತ್ತು. ಅದು ಕಾರ್ಡಿನ ಮೂಲೆ ಮೂಲೆ ಕೆದಕಿ ನೋಡುತ್ತದೆ, ನಿಧಾನ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ತೆವಳುತ್ತಿತ್ತು. ಅಕ್ಕ ಕೈಕಟ್ಟಿ ಅದರ ಮುಂದೆ ಕೂತಳು. ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೊರಗೆ ಹೋಗಿ ಆ ಹುಡುಗಿಗೆ ಚಹಾ ಕೊಟ್ಟೆ, ಹಳೆಯ ಫೋಟೋ, ಹುಡುಕುವುದಕ್ಕೆ ಹೊತ್ತಾಗುತ್ತದೆ ಎಂದೆ. ಪರವಾಗಿಲ್ಲ, ಮೂರು ವರ್ಷ ಆಗಿದೆಯಲ್ಲ ಎಂದು ಅವಳು ನಕ್ಕಳು. ಸೋಫಾ ಮೆತ್ತಗಿದೆ, ಸೊಂಟಕ್ಕೆ ಹಾಯಾಗಿದೆ ಎಂದೂ ಹೇಳಿದಳು. ಆ ನೀಲಿ ದರಿದ್ರವನ್ನು ಹೊತ್ತುಕೊಂಡು ಹೋಗಿ ರಸ್ತೆಗೆ ಎಸೆಯಬೇಕೆನಿಸಿತು ನನಗೆ. ಖಾಲಿ ಲೋಟ ಹಿಡಿದು ವಾಪಸು ಬಂದೆ.

ಮಧ್ಯಾಹ್ನದ ಹೊತ್ತಿಗೆ ಫೋಟೋಗಳು ಒಂದೊಂದಾಗಿ ಮೇಲೆ ಬಂದವು. ಮೊದಲನೆಯದು ಸೋಫಾ. ಎರಡನೆಯದು ಸೋಫಾ. ಎಡದಿಂದ ಸೋಫಾ, ಬಲದಿಂದ ಸೋಫಾ, ಬರೀ ದಿಂಬು. ಕೊನೆಯಲ್ಲಿ, ಯಾರ ಕೈಗೆ ಕ್ಯಾಮೆರಾ ಕೊಟ್ಟು ತೆಗೆಸಿಕೊಂಡನೋ, ಕಾಲ ಮೇಲೆ ಕಾಲು ಹಾಕಿ ಕೂತ ಭಾಮೈದ. ಅದು ಜಾಹೀರಾತಿಗಲ್ಲ, ಅವನ ಶೋಕಿಗೆ. ಅದರ ಮುಂದಿನದು ಎರಡು ಪುಟ್ಟ ಕಾಲು.

ಮುಖ ಇರಲಿಲ್ಲ. ಕೈಯೂ ಇರಲಿಲ್ಲ. ಕಾಲಿನ ನಂತರ ಬೇರೆ ಮಗು, ಅದರ ನಂತರ ಇನ್ನೊಂದು. ಕೇಳಿಕೊಂಡು ಯಾರೂ ಬಾರದ ಮಕ್ಕಳೆಲ್ಲ ಮುಖ, ಕೈ, ಕಾಲು ಸಮೇತ ವಾಪಸು ಬಂದವು. ಬಂದು ಕೂತವಳ ಮಗುವಿನ ಮುಖವೇ ಇಲ್ಲ. ಈ ನ್ಯಾಯವನ್ನು ಯಾರ ಹತ್ತಿರ ಹೋಗಿ ಕೇಳುವುದು? ಆ ಒಂದು ಶೋಕಿಯ ಫೋಟೋ ತೆಗೆಸಿಕೊಳ್ಳದಿದ್ದರೆ ಬಹುಶಃ ಕೈಯಾದರೂ ಉಳಿಯುತ್ತಿತ್ತು. ಭಾಮೈದ ನಮ್ಮ ಹಿಂದೆ ಬಂದು ನಿಂತು ಪರದೆ ನೋಡಿದ. ನಾನು ತಿರುಗಿ ಅವನ ಮುಖ ನೋಡಿದೆ. ಅವನು ಹೊರಗೆ ಹೋದ. ಸೋಫಾದ ಫೋಟೋ ಕೇಳಿಕೊಂಡು ಮತ್ತೆ ಬರಲಿಲ್ಲ.

ಅಕ್ಕ ಮೊದಲು ಉಳಿದ ಮಕ್ಕಳನ್ನೆಲ್ಲ ಎರಡು ಕಡೆ ನಕಲು ಮಾಡಿದಳು. ನಾನು ಹೇಳಲಿಲ್ಲ, ಅವಳೇ ಮಾಡಿದಳು. ಆಮೇಲೆ ಆ ಕಾಲುಗಳನ್ನು ದೊಡ್ಡದು ಮಾಡಿ ನೋಡಿದಳು. ಎಡಗಾಲಿಗೆ ಕಟ್ಟಿದ ಪಟ್ಟಿಯ ಮೇಲೆ ಆಸ್ಪತ್ರೆಯವರು ಬರೆದ ತಾಯಿಯ ಹೆಸರು ಓದುವ ಹಾಗಿತ್ತು. ಪ್ರಿಂಟ್ ಹಾಕಿದೆ. ಕವರಿಗೆ ಹಾಕಲು ಹೋದರೆ ಅಕ್ಕ ಬೇಡ ಎಂದು ಕೈಯಲ್ಲೇ ತೆಗೆದುಕೊಂಡಳು.

ಸುಳ್ಳು ಹೇಳು ಎಂದು ನಾನು ಅವಳಿಗೆ ಪಿಸುಗುಟ್ಟಿದೆ. ಕಾಲಿನದು ಮಾತ್ರ ತೆಗೆದಿದ್ದೆ ಎಂದು ಹೇಳಿಬಿಡು, ಹೊಟ್ಟೆಯಲ್ಲಿ ಕೂಸಿದೆ, ಅವಳಿಗೆ ಇನ್ನೂ ಸಂಕಟ ಯಾಕೆ ಎಂದೆ. ಆ ಥರದ ಮಾತು ಆ ಹುಡುಗಿಗೆ ಅತ್ತೆ ಹೇಳಿದ್ದೇ ಸಾಕು ಎಂದಳು ಅಕ್ಕ.

ಸೋಫಾದ ಪಕ್ಕದಲ್ಲಿ ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂತು ಅಕ್ಕ ಎಲ್ಲವನ್ನೂ ಹೇಳಿದಳು. ಮುಖದ ಫೋಟೋ ತೆಗೆದಿದ್ದೆ, ನಕಲು ಇಡಲಿಲ್ಲ, ಅದು ನನ್ನ ತಪ್ಪು, ಇವತ್ತು ಬೆಳಗ್ಗೆ ನಮ್ಮವರೇ ಅದರ ಮೇಲೆ ಬೇರೆ ತೆಗೆದರು, ಇದೊಂದೇ ಉಳಿದದ್ದು ಎಂದು. ಆ ಹುಡುಗಿ ಕೂಗಾಡುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಆಸ್ಪತ್ರೆಯ ಗಾಜು ಉಳಿಯುತ್ತಿರಲಿಲ್ಲ. ಅವಳು ಫೋಟೋ ಈಸಿಕೊಂಡು, ಉಸಿರು ಬಿಗಿಹಿಡಿದು, ಒಂದು ಕಣ್ಣು ಮೊದಲು ತೆರೆದು ಆಮೇಲೆ ಇನ್ನೊಂದು ತೆರೆದಳು.

ಬಿಳಿ ಬಟ್ಟೆಯ ಮೇಲೆ ಎರಡು ಅಂಗಾಲು, ಹತ್ತು ಬೆರಳು, ಬೆರಳಿಗೆ ಉಗುರು. ಎಲ್ಲೂ ಏನೂ ಕೊರತೆ ಇರಲಿಲ್ಲ. ಹೆಬ್ಬೆರಳಿಗಿಂತ ಅದರ ಪಕ್ಕದ ಬೆರಳು ಎದ್ದುಕಾಣುವಷ್ಟು ಉದ್ದ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಲಾಗದೆ ಬಗ್ಗಿ, ಒಂದು ಚಪ್ಪಲಿಯನ್ನು ಕಾಲಿನಿಂದ ನೂಕಿ ಬಿಟ್ಟು, ಬರಿಗಾಲನ್ನು ಮುಂದೆ ಚಾಚಿದಳು. ಅವಳಿಗೂ ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಾಗಿತ್ತು. ಫೋಟೋವನ್ನು ಕಾಲಿನ ಹತ್ತಿರ ಹಿಡಿದಳು.

‘‘ನನ್ನ ಕಾಲೇ ಇದು,’’ ಎಂದಳು.

ಅಕ್ಕ ಹೌದು ಎಂದಳು. ಮುಖವೂ ಹಾಗೇ ಚೆನ್ನಾಗಿತ್ತು ಎಂದು ಮತ್ತೆ ಹೇಳಿದಳು. ಈ ಸಲ ಅವಳು ನಂಬಿದಳು, ಅದು ಮುಖದಲ್ಲೇ ಕಾಣುತ್ತಿತ್ತು. ಕಣ್ಣೊರೆಸಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ನಿಧಾನಕ್ಕೆ ಅವಳ ಮುಖದ ಬಣ್ಣ ಬದಲಾಯಿತು.

‘‘ನೋಡೋ ಹಾಗಿರ್ಲಿಲ್ಲ ಅಂದ್ರು ಅತ್ತೆ,’’ ಎಂದಳು. ‘‘ಮೂರು ವರ್ಷ ನಾನು ನನ್ನ ಮಗೂನ ನೆನೆಸ್ಕೊಂಡು ಹೆದರ್ಕೊಂಡೆ.’’

ಆ ದನಿಯಲ್ಲಿ ಅಳು ಇರಲಿಲ್ಲ. ಅಂಥ ದನಿ ನನಗೆ ಚೆನ್ನಾಗಿ ಗೊತ್ತು, ನಮ್ಮ ಮನೆಯಲ್ಲಿ ದಿನಾ ನನ್ನ ಬಾಯಿಂದಲೇ ಕೇಳುವಂಥದ್ದು. ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದಳು. ಇನ್ನೇನು ಅಕ್ಕ ಅವಳ ಭುಜ ತಟ್ಟಿ ‘ಸಾಕು ಬಿಡಿ’ ಎನ್ನುತ್ತಾಳೆ ಎಂದು ನಾನು ಕಾದೆ.

‘‘ಮನೆಗೆ ಹೋಗಿ ಕೇಳಿ,’’ ಎಂದಳು ಅಕ್ಕ. ‘‘ಜೋರಾಗೇ ಕೇಳಿ.’’